ಬೆಂದವರ ಶುಶ್ರೂಷೆಯೆಂಬ ದಾಸೋಹ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಕೀರ್ತಿಗೆ ಮೂಲವಾದುದು ಅದರ ದಾಸೋಹ. ದಾಸೋಹಕ್ಕೆ ಮೂಲವಾದುದು ಪಾಕಶಾಲೆಯಲ್ಲಿ ಉರಿಯುವ ಒಲೆ. ಹಸಿದು ಬಂದವನಿಗೆ ಅನ್ನವನ್ನು ಬೇಯಿಸಿಕೊಡುವ ಆ ಅಗ್ನಿಯೇ ಒಂದು ಕ್ಷಣದ ಅಜಾಗರೂಕತೆಯಿಂದ ಅಡಿಗೆಯವನ ಕೈಯನ್ನೂ, ಪಂಕ್ತಿಯ ನಡುವೆ ಓಡಾಡುವ ಮಗುವಿನ ಮೈಯನ್ನೂ ಬೇಯಿಸಬಲ್ಲುದು. ಜಾತ್ರೆಯ ದಿನ ಕುದಿಯುವ ಸಾರಿನ ಕೊಪ್ಪರಿಗೆ ಮಗುಚಿತೆಂದರೆ ವೈದ್ಯನು ಎಲ್ಲಿಯೋ ದೂರದಲ್ಲಿರುವನು; ಪಕ್ಕದಲ್ಲಿರುವವರು ಭಕ್ತರು ಮಾತ್ರ. ಆ ಹೊತ್ತಿನಲ್ಲಿ ಭಕ್ತನು ಏನು ಮಾಡತಕ್ಕುದು, ಏನು ಮಾಡಕೂಡದು ಎಂಬುದೇ ಈ ಉಪನ್ಯಾಸದ ವಿಷಯ. ಮಹಾಮಂಗಲದ ಸಭೆಯಲ್ಲಿ ಗಾಯದ ಮಾತೇಕೆ ಎಂದು ಯಾರೂ ಸಂಶಯಪಡಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ರೋಗಿಯ ಸೇವೆಯನ್ನೇ ಕಾಯಕವಾಗಿ ಮಾಡಿಕೊಂಡವನಿಗೆ ಅನುಭವಿಗಳ ಸಾಲಿನಲ್ಲಿ ಸ್ಥಾನ ದೊರೆತ ಧರ್ಮದಲ್ಲಿ ಈ ವಿಷಯವು ಹೊರಗಿನದಾಗಲಾರದು.

ಬಳ್ಳಾರಿ ಸೀಮೆಯಲ್ಲಿ ಬೆಂಕಿಯ ಭಯವು ನಾನಾ ರೂಪದಲ್ಲಿ ಇದೆ. ತುಂಗಭದ್ರೆಯ ನೀರುಂಡು ಬತ್ತ ಬೆಳೆಯುವ ಸಿರುಗುಪ್ಪದ ಕಡೆ ಹುಲ್ಲಿನ ಬಣವೆಗಳು, ಅಕ್ಕಿಯ ಗಿರಣಿಗಳು. ಮೇಲೆ ತಣ್ಣಗೆ ಕಾಣುವ ಹೊಟ್ಟಿನ ಬೂದಿಯ ರಾಶಿ ಒಳಗೆ ಕೆಂಡವಾಗಿದ್ದು, ಬರಿಗಾಲಿನಲ್ಲಿ ತುಳಿದವನನ್ನು ಸುಡುವುದುಂಟು. ದೊಡ್ಡಬಸವೇಶ್ವರನ ಸನ್ನಿಧಿಯಾದ ಕುರುಗೋಡಿನಂತಹ ಕ್ಷೇತ್ರಗಳಲ್ಲಿ ಜಾತ್ರೆಯ ಜನಸಂದಣಿ, ಸಾಲುಸಾಲಾಗಿ ಹೂಡಿದ ಒಲೆಗಳು. ವೀರಭದ್ರದೇವರ ಉತ್ಸವಗಳಲ್ಲಿ ಅಗ್ನಿಕುಂಡ ಹಾಯುವ ಸಂಪ್ರದಾಯ. ಬಳ್ಳಾರಿ ನಗರದಲ್ಲಿ ಕಾರ್ಖಾನೆಗಳ ಕಾವು, ವಿದ್ಯುತ್ತಿನ ತಂತಿ, ಇಕ್ಕಟ್ಟಾದ ಅಡಿಗೆಮನೆ. ಭಾರತದಲ್ಲಿ ವರ್ಷವೊಂದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಮಧ್ಯಮ ಅಥವಾ ತೀವ್ರ ಸ್ವರೂಪದ ಸುಟ್ಟ ಗಾಯಗಳಿಗೆ ಈಡಾಗುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಅವುಗಳಲ್ಲಿ ಬಹುಭಾಗ ರಣರಂಗದಲ್ಲಿಯೂ ಅಲ್ಲ, ಕಾಡಿನಲ್ಲಿಯೂ ಅಲ್ಲ. ಮನೆಯೊಳಗೆ, ಒಲೆಯ ಮುಂದೆ ಆಗತಕ್ಕವು.

ಚಿಕಿತ್ಸಾಲಯಗಳು ಇಲ್ಲವೆಂದಲ್ಲ. ೧೯೬೧ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾಗಿ, ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂಬ ಹೆಸರನ್ನು ಹಿಂದೆ ಹೊಂದಿದ್ದ ವೈದ್ಯಕೀಯ ಕಾಲೇಜು ಸುತ್ತಲಿನ ಜನಕ್ಕೆ ಆಸರೆಯಾಗಿದೆ. ೨೦೦೮ರಿಂದ ೧೦೮ ಎಂಬ ಸಂಖ್ಯೆಗೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುವ ಏರ್ಪಾಡು ರಾಜ್ಯದಲ್ಲಿ ಆಗಿದೆ. ಆದರೆ ಕುರುಗೋಡಿನಿಂದ ಬಳ್ಳಾರಿಗೆ ಸುಮಾರು ೩೦ ಕಿಲೋಮೀಟರ್. ಸಿರುಗುಪ್ಪದಿಂದ ಸುಮಾರು ೫೫. ಹೊಲದ ನಡುವಿನ ಹಳ್ಳಿಯಿಂದಾದರೆ ಇನ್ನೂ ಹೆಚ್ಚು. ಗಾಡಿ ಬಂದು, ದಾರಿ ಸವೆದು, ವೈದ್ಯನ ಕೈ ಮುಟ್ಟುವವರೆಗಿನ ಆ ಒಂದೆರಡು ಗಂಟೆಗಳ ಕಾಲ ರೋಗಿಯ ಪ್ರಾಣವೂ ಮುಂದಿನ ಬಾಳೂ ನೆರೆಹೊರೆಯವರ ಕೈಯಲ್ಲಿರುತ್ತವೆ. ಈ ಮೊದಲ ಗಂಟೆಗೆ ಬೇಕಾದ ಸಾಮಗ್ರಿಯಾದರೋ ಅತ್ಯಲ್ಪ: ತಣ್ಣೀರು, ಶುಭ್ರವಾದ ಬಟ್ಟೆ, ಉಪ್ಪು, ಸಕ್ಕರೆ. ಇವು ಬಡವನ ಮನೆಯಲ್ಲಿಯೂ ಉಂಟು. ಇಲ್ಲದಿರುವುದು ತಿಳಿವಳಿಕೆಯೊಂದೇ.

ಬೆಂಕಿಯು ದೇಹಕ್ಕೆ ಮಾಡುವ ಕೇಡನ್ನು ಮೊದಲು ಅರಿಯಬೇಕು. ಚರ್ಮವೆಂಬುದು ಒಡಲಿನ ನೀರನ್ನು ಹಿಡಿದಿಟ್ಟಿರುವ ಪಾತ್ರೆ. ಅದು ಬೆಂದೊಡನೆ ರಕ್ತನಾಳಗಳಿಂದ ನೀರೂ ಲವಣವೂ ಸೋರಿ, ಬೊಬ್ಬೆಯಾಗಿ, ಬಾವಾಗಿ, ಹೊರಗೆ ಹರಿದುಹೋಗುತ್ತವೆ. ಹೆಚ್ಚು ಬೆಂದವನು ಮೊದಲ ದಿನದಲ್ಲಿ ಸಾಯುವುದು ಬಹುವಾಗಿ ಈ ನೀರಿನ ನಷ್ಟದಿಂದ, ಇಲ್ಲವೆ ಹೊಗೆ ಕುಡಿದುದರಿಂದ. ಆ ಮೇಲಿನ ದಿನಗಳಲ್ಲಿ ಸಾಯುವುದು ಗಾಯಕ್ಕೆ ನಂಜೇರಿ. ಸುಶ್ರುತಾಚಾರ್ಯನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ಸುಟ್ಟ ಗಾಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಗಾಯದ ಆಳವನ್ನು ನೋಡಿ ಚಿಕಿತ್ಸೆಯನ್ನು ನಿರ್ಣಯಿಸಬೇಕೆಂಬ ಆ ತತ್ತ್ವ ಇಂದಿಗೂ ನಿಂತಿದೆ. ಕೆಂಪೇರಿ ಉರಿಯುವ ಗಾಯ ಮೇಲಿನದು. ಬೊಬ್ಬೆಯೆದ್ದುದು ಅದಕ್ಕಿಂತ ಆಳದ್ದು. ಬೆಳ್ಳಗೆ ಅಥವಾ ಕಪ್ಪಗೆ, ತೊಗಲಿನಂತೆ ಬಿರುಸಾಗಿ, ಮುಟ್ಟಿದರೂ ನೋವು ತಿಳಿಯದಂತಿರುವುದು ಅತ್ಯಂತ ಆಳದ್ದು. ನೋವಿಲ್ಲವೆಂದು ರೋಗಿ ಹೇಳಿದರೆ ಮನೆಯವರು ಸಮಾಧಾನ ತಾಳುವುದುಂಟು. ಅಲ್ಲಿಯೇ ಅಪಾಯ ಹೆಚ್ಚು.

ಗಾಯದ ವಿಸ್ತಾರವನ್ನು ಅಳೆಯಲು ಯಂತ್ರ ಬೇಕಾಗಿಲ್ಲ. ರೋಗಿಯ ಸ್ವಂತ ಅಂಗೈ, ಬೆರಳುಗಳೂ ಸೇರಿ, ಅವನ ಮೈಯ ನೂರರಲ್ಲಿ ಒಂದು ಪಾಲು. ದೊಡ್ಡವರಲ್ಲಿ ತಲೆ ೯ ಪಾಲು, ಒಂದೊಂದು ತೋಳು ೯, ಒಂದೊಂದು ಕಾಲು ೧೮, ಮುಂಡದ ಮುಂಭಾಗ ೧೮, ಬೆನ್ನು ೧೮ ಎಂಬ ಲೆಕ್ಕವುಂಟು. ಬೊಬ್ಬೆಯೆದ್ದ ಅಥವಾ ಅದಕ್ಕಿಂತ ಆಳವಾದ ಗಾಯವು ದೊಡ್ಡವರಲ್ಲಿ ೨೦ ಪಾಲನ್ನೂ ಮಕ್ಕಳಲ್ಲಿ ೧೦ ಪಾಲನ್ನೂ ಮೀರಿದರೆ ಇಡೀ ದೇಹವೇ ಕುಸಿಯುವ ಸಂಭವವಿದೆಯೆಂದು ತಿಳಿಯಬೇಕು.

ಇನ್ನು ಮಾಡತಕ್ಕ ಕಾರ್ಯ. ಬಟ್ಟೆಗೆ ಬೆಂಕಿ ಹತ್ತಿದವನು ಓಡಿದರೆ ಗಾಳಿಯಿಂದ ಜ್ವಾಲೆ ಹೆಚ್ಚುವುದು. ಅವನನ್ನು ಹಿಡಿದು ನೆಲಕ್ಕೆ ಮಲಗಿಸಿ, ಕಂಬಳಿಯನ್ನೋ ದಪ್ಪ ಹತ್ತಿಯ ಜಮಖಾನೆಯನ್ನೋ ಹೊದಿಸಿ, ಉರುಳಿಸಬೇಕು. ಬೆಂಕಿ ಆರಿದೊಡನೆ ಹೊದಿಕೆಯನ್ನು ತೆಗೆದು, ಮೈಗೆ ಅಂಟದಿರುವ ಬಟ್ಟೆಯನ್ನು ಬಿಚ್ಚಿ, ಅಂಟಿದುದನ್ನು ಹಾಗೆಯೇ ಬಿಡಬೇಕು. ವಿದ್ಯುತ್ತಿನಿಂದ ಸುಟ್ಟವನಾದರೆ ಮೊದಲು ವಿದ್ಯುತ್ತನ್ನು ನಿಲ್ಲಿಸದೆ ಅವನನ್ನು ಮುಟ್ಟಕೂಡದು.

ಬಾವು ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ಉಡಿದಾರಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಅವು ಬಾತ ಅಂಗವನ್ನು ಬಿಗಿದು ರಕ್ತಸಂಚಾರವನ್ನೇ ತಡೆಯುವುವು. ಇಲ್ಲಿ ಲಿಂಗವಂತರ ಮನಸ್ಸಿಗೆ ಒಂದು ಧರ್ಮಸಂಕಟವುಂಟು. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯು ಕಾದು ಚರ್ಮವನ್ನು ಸುಡುತ್ತಿದ್ದರೂ, ಶಿವದಾರವು ಬಾತ ಕುತ್ತಿಗೆಯನ್ನು ಒತ್ತುತ್ತಿದ್ದರೂ, ಲಿಂಗವು ಅಂಗವನ್ನು ಅಗಲಬಾರದೆಂದು ಮನೆಯವರು ತೆಗೆಯಲು ಹಿಂಜರಿಯುವರು. ಈ ಹಿಂಜರಿಕೆ ಭಕ್ತಿಯಿಂದ ಹುಟ್ಟಿದುದು. ಆದಕಾರಣ ಅದಕ್ಕೆ ಭಕ್ತಿಯಿಂದಲೇ ಉತ್ತರವನ್ನು ಹೇಳಬೇಕು. ಕರಡಿಗೆಯನ್ನು ತೆಗೆದು, ಇಷ್ಟಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಸುತ್ತಿ, ಸುಡದೆ ಉಳಿದಿರುವ ತೋಳಿಗೆ ಸಡಿಲವಾಗಿ ಕಟ್ಟಬಹುದು. ಅದಕ್ಕೂ ಅವಕಾಶವಿಲ್ಲದಿದ್ದರೆ ಲಿಂಗಧಾರಿಯಾದ ಬಂಧುವೊಬ್ಬನು ತನ್ನ ಕರಸ್ಥಲದಲ್ಲಿ ಹಿಡಿದು ರೋಗಿಯ ಕಣ್ಣಿಗೆ ಕಾಣುವಂತೆ ಜೊತೆಯಲ್ಲಿ ನಡೆಯಬಹುದು. ಅಂಗ ಉಳಿದರೆ ತಾನೆ ಲಿಂಗಕ್ಕೆ ಆಶ್ರಯ? ಗುರುಗಳಾದವರು ಇದನ್ನು ಮೊದಲೇ ಶಿಷ್ಯರಿಗೆ ತಿಳಿಸಿದ್ದರೆ ಆಪತ್ತಿನ ಹೊತ್ತಿನಲ್ಲಿ ಯಾರೂ ತಡಮಾಡಲಾರರು.

ಆಮೇಲೆ ನೀರು. ಸುಟ್ಟ ಭಾಗದ ಮೇಲೆ ೨೦ ನಿಮಿಷಗಳ ಕಾಲ ತಣ್ಣೀರು ಹರಿಯಬೇಕು. ಬೆಂಕಿಯು ತೊಲಗಿದ ಮೇಲೆಯೂ ಕಾವು ಚರ್ಮದೊಳಗೆ ಇಳಿಯುತ್ತಲೇ ಇರುವುದರಿಂದ, ಒಡನೆ ಹರಿಯಿಸಿದ ನೀರು ನೋವನ್ನು ತಗ್ಗಿಸುವುದಲ್ಲದೆ ಗಾಯವು ಆಳವಾಗುವುದನ್ನೂ ತಡೆಯುವುದು. ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಪ್ರಯೋಜನವುಂಟು. ಬೇಗ ಮಾಡಿದಷ್ಟೂ ಲೇಸು. ಬಳ್ಳಾರಿಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಮಾಳಿಗೆಯ ತೊಟ್ಟಿಯಿಂದ ನಲ್ಲಿಗೆ ಇಳಿದು ಬರುವ ನೀರು ಸುಡುವಂತಿರುವುದು. ಅಂತಹ ಹೊತ್ತಿನಲ್ಲಿ ನೆರಳಿನಲ್ಲಿಟ್ಟ ಗಡಿಗೆಯ ನೀರನ್ನೋ ಬಾವಿಯ ನೀರನ್ನೋ ಚೆಂಬಿನಿಂದ ಹೊಯ್ಯಬೇಕು. ಮಂಜುಗಡ್ಡೆಯನ್ನು ಇಡಕೂಡದು, ಅದು ಚರ್ಮವನ್ನು ಮತ್ತೆ ಕೆಡಿಸುವುದು. ಮೈಯೆಲ್ಲಾ ಸುಟ್ಟವನಿಗೂ ಚಿಕ್ಕ ಮಕ್ಕಳಿಗೂ ನೀರಿನಿಂದ ಚಳಿ ಹಿಡಿಯದಂತೆ ಎಚ್ಚರವಹಿಸಿ, ಸುಡದ ಭಾಗಕ್ಕೆ ಹೊದಿಕೆಯನ್ನು ಹೊದಿಸಬೇಕು. ಸುಶ್ರುತನು ಮೇಲುಮೇಲಿನ ಗಾಯಕ್ಕೆ ಕಾವು ಕೊಡುವುದನ್ನು ವಿಧಿಸಿದ್ದನು; ಇಂದಿನ ಪರೀಕ್ಷೆಗಳು ತಂಪನ್ನೇ ಹೇಳುತ್ತವೆ. ಪೂರ್ವಾಚಾರ್ಯರಲ್ಲಿ ಗೌರವವಿರುವುದು ಬೇರೆ, ಪರೀಕ್ಷಿತವಾದ ಸತ್ಯವನ್ನು ಅಂಗೀಕರಿಸುವುದು ಬೇರೆ; ಎರಡೂ ಒಬ್ಬನಲ್ಲಿಯೇ ಇರಬಹುದು.

ಮಾಡಕೂಡದ ಕಾರ್ಯವನ್ನು ಈಗ ಹೇಳಬೇಕಾಗಿದೆ. ಗಾಯವನ್ನು ಕಂಡೊಡನೆ ಮನೆಯವರ ಕೈ ಸುಮ್ಮನಿರುವುದಿಲ್ಲ. ಒಬ್ಬರು ಶಾಯಿ ಸುರಿಯುವರು, ಒಬ್ಬರು ಹಲ್ಲುಜ್ಜುವ ಪೇಸ್ಟನ್ನು ಬಳಿಯುವರು, ಒಬ್ಬರು ಎಣ್ಣೆ, ಅರಿಸಿನ, ಸಗಣಿಗಳನ್ನು ಮೆತ್ತುವರು. ಶ್ರೀಮಠದ ವಿಭೂತಿಯನ್ನು ನಂಬಿಕೆಯಿಂದ ಗಾಯದ ಮೇಲೆಯೇ ಉದುರಿಸುವವರೂ ಉಂಟು. ಇವೆಲ್ಲವೂ ಪ್ರೀತಿಯಿಂದ ಮಾಡಿದ ಕಾರ್ಯಗಳೇ ಸರಿ. ಆದರೆ ಇವು ಕಾವನ್ನು ಒಳಗೇ ಹಿಡಿದಿಡುವುವು, ನಂಜನ್ನು ತರುವುವು, ಗಾಯದ ಆಳವನ್ನು ವೈದ್ಯನ ಕಣ್ಣಿಗೆ ಮರೆಮಾಡುವುವು. ಇವನ್ನು ಉಜ್ಜಿ ತೆಗೆಯುವಾಗ ರೋಗಿಗೆ ಎರಡನೆಯ ಬಾರಿ ಬೆಂದಷ್ಟು ನೋವಾಗುವುದು. ವಿಭೂತಿಯ ಸ್ಥಾನ ಹಣೆ; ಗಾಯವಲ್ಲ. ಹಣೆಗೆ ಧರಿಸಿ, ಗಾಯಕ್ಕೆ ನೀರು ಹೊಯ್ದವನೇ ವಿಭೂತಿಗೆ ಗೌರವ ತೋರಿಸಿದವನು.

ಇದು ಹಳ್ಳಿಯವರ ಅಜ್ಞಾನವೊಂದೇ ಎಂದು ಹಳಿಯುವಂತಿಲ್ಲ. ೧೯೨೫ರಿಂದ ಮುಂದೆ ಪಾಶ್ಚಾತ್ಯ ದೇಶಗಳ ಪಂಡಿತವೈದ್ಯರೇ ಸುಟ್ಟ ಗಾಯಗಳ ಮೇಲೆ ಟ್ಯಾನಿಕ್ ಆಮ್ಲವೆಂಬ, ತೊಗಲನ್ನು ಹದಮಾಡುವ ಜಾತಿಯ ದ್ರವ್ಯವನ್ನು ಹಚ್ಚಿ ಗಾಯವನ್ನು ಗಟ್ಟಿಮಾಡುತ್ತಿದ್ದರು. ಅದರಿಂದ ಯಕೃತ್ತು ಕೆಡುವುದೆಂದೂ ಬೆರಳುಗಳು ಸೆಟೆದುಕೊಳ್ಳುವುವೆಂದೂ ಎರಡನೆಯ ಮಹಾಯುದ್ಧದ ಕಾಲಕ್ಕೆ ಕಂಡುಬಂದು ಅದನ್ನು ಬಿಟ್ಟರು. ೧೯೪೨ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ನೃತ್ಯಶಾಲೆಯೊಂದಕ್ಕೆ ಬೆಂಕಿ ಬಿದ್ದು ೪೯೨ ಜನರು ಮಡಿದಾಗ, ಅಲ್ಲಿಯ ದೊಡ್ಡ ಆಸ್ಪತ್ರೆಯ ವೈದ್ಯರು ಮೃದುವಾದ ಲೇಪವುಳ್ಳ ಸರಳ ಪಟ್ಟಿಯನ್ನು ಮಾತ್ರ ಕಟ್ಟಿ ಒಳ್ಳೆಯ ಫಲವನ್ನು ಪಡೆದರು. ತಪ್ಪನ್ನು ಕಂಡಾಗ ಪಂಡಿತರೇ ಬಿಟ್ಟಿರುವಲ್ಲಿ ಭಕ್ತರು ಬಿಡುವುದಕ್ಕೆ ನಾಚಬೇಕಾಗಿಲ್ಲ.

ತಂಪು ಮಾಡಿದ ಗಾಯವನ್ನು ಒಗೆದು ಒಣಗಿಸಿದ, ಎಳೆ ಬಿಡದ ಹತ್ತಿಯ ಬಟ್ಟೆಯಿಂದ ಸಡಿಲವಾಗಿ ಮುಚ್ಚಬೇಕು. ಬೊಬ್ಬೆಯನ್ನು ಒಡೆಯಕೂಡದು. ಸುಟ್ಟ ಬೆರಳುಗಳ ನಡುವೆ ಬಟ್ಟೆಯ ತುಂಡನ್ನಿಟ್ಟು ಒಂದಕ್ಕೊಂದು ಅಂಟದಂತೆ ಮಾಡಬೇಕು.

ಮುಂದೆ ಗಾಯದ ಪಟ್ಟಿಗೆ ಸಂಬಂಧಪಟ್ಟಂತೆ ಅಲ್ಪಸಾಮಗ್ರಿಯಿಂದ ಮಹತ್ಕಾರ್ಯವನ್ನು ಸಾಧಿಸಿದವರು ಈ ದೇಶದಲ್ಲಿಯೇ ಉಂಟು. ಬೆಲೆಯುಳ್ಳ ಪಟ್ಟಿಗಳು ಬಡವರಿಗೆ ಎಟುಕವೆಂಬುದನ್ನು ಕಂಡ ಮುಂಬಯಿಯ ವೈದ್ಯ ಕೇಸ್ವಾನಿಯವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಬಟ್ಟೆಗೆ ಹೊಂದಿಸಿ ಪಟ್ಟಿಯನ್ನು ಮಾಡಿ ೧೯೮೫ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅದೇ ನಗರದ ಬೇರೆ ವೈದ್ಯರು ಶುದ್ಧಿಮಾಡಿದ ಬಾಳೆಲೆಯನ್ನು ಪರೀಕ್ಷಿಸಿದರು. ಅದು ಗಾಯಕ್ಕೆ ಅಂಟದೆ, ಬಿಚ್ಚುವಾಗ ನೋಯಿಸದೆ ಇದ್ದಿತು. ಸಿದ್ಧರಾಮೇಶ್ವರನ ಕ್ಷೇತ್ರವಾದ ಸೊಲ್ಲಾಪುರದ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾಕ್ಟರ್ ಸುಬ್ರಹ್ಮಣ್ಯಂ ಅವರು ೧೦೪ ಜನ ರೋಗಿಗಳನ್ನು ಸಮವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜೇನುತುಪ್ಪವನ್ನೂ ಇನ್ನೊಂದಕ್ಕೆ ಬೆಳ್ಳಿಯ ಲವಣದ ಲೇಪವನ್ನೂ ಉಪಯೋಗಿಸಿ ೧೯೯೧ರಲ್ಲಿ ಫಲವನ್ನು ಪ್ರಕಟಿಸಿದರು. ಏಳು ದಿನಗಳೊಳಗೆ ಜೇನಿನ ಗುಂಪಿನಲ್ಲಿ ನೂರಕ್ಕೆ ೯೧ ಗಾಯಗಳು ನಂಜಿಲ್ಲದಂತಾದುವು. ಇನ್ನೊಂದರಲ್ಲಿ ನೂರಕ್ಕೆ ೭ ಮಾತ್ರ. ಆದರೆ ಇವೆಲ್ಲವೂ ಮೇಲುಮೇಲಿನ ಗಾಯಗಳಿಗೆ, ತೊಳೆದು ಶುದ್ಧಿಮಾಡಿದ ಮೇಲೆ, ವೈದ್ಯರ ಕಣ್ಣೆದುರಿಗೆ ನಡೆದ ಚಿಕಿತ್ಸೆಗಳು. ಇದನ್ನು ಕೇಳಿ ಮನೆಯಲ್ಲಿ ಹೊಸ ಗಾಯಕ್ಕೆ ಜೇನು ಸುರಿದರೆ ಅದು ಶಾಯಿ ಸುರಿದಂತೆಯೇ ಆದೀತು. ಇಲ್ಲಿ ಕಲಿಯತಕ್ಕುದು ಬಡತನವಿದ್ದರೂ ವಿವೇಕದಿಂದ ಪರೀಕ್ಷಿಸಿ ಸೇವೆ ಮಾಡಬಹುದೆಂಬುದನ್ನು.

ಸೋರಿಹೋಗುವ ನೀರನ್ನು ತುಂಬಿಕೊಡುವುದು ಮುಂದಿನ ಕರ್ತವ್ಯ. ೧೯೬೮ರಲ್ಲಿ ಅಮೆರಿಕದ ವೈದ್ಯ ಬ್ಯಾಕ್ಸ್ಟರ್ ಎಂಬವರು ಹೇಳಿದ ಲೆಕ್ಕವು ಲೋಕವೆಲ್ಲಾ ಪ್ರಸಿದ್ಧವಾಗಿದೆ. ರೋಗಿಯ ತೂಕದ ಕಿಲೋಗ್ರಾಮುಗಳನ್ನು ಸುಟ್ಟ ಪಾಲಿನಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ, ಮೊದಲ ೨೪ ಗಂಟೆಗಳಲ್ಲಿ ಕೊಡತಕ್ಕ ಲವಣದ್ರವದ ಮಿಲಿಲೀಟರುಗಳು ತಿಳಿಯುವುವು. ೫೦ ಕಿಲೋಗ್ರಾಮಿನವನು ೨೦ ಪಾಲು ಸುಟ್ಟಿದ್ದರೆ ನಾಲ್ಕು ಲೀಟರು. ಅದರಲ್ಲಿ ಅರ್ಧವನ್ನು ಮೊದಲ ಎಂಟು ಗಂಟೆಗಳಲ್ಲಿ ಕೊಡಬೇಕು. ಆ ಎಂಟು ಗಂಟೆಗಳನ್ನು ಎಣಿಸುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಬೆಂದ ಹೊತ್ತಿನಿಂದ. ಆದುದರಿಂದ ಸುಟ್ಟ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಸಂಗಡ ಕಳುಹಿಸುವುದೇ ಒಂದು ದೊಡ್ಡ ಉಪಕಾರ.

ಈ ದ್ರವವನ್ನು ನಾಳದ ಮೂಲಕ ಕೊಡುವುದು ವೈದ್ಯರ ಕೆಲಸ. ಆದರೆ ಎಚ್ಚರವಿರುವ, ವಾಂತಿಯಿಲ್ಲದ ರೋಗಿಗೆ ದಾರಿಯುದ್ದಕ್ಕೂ ಬಾಯಿಯ ಮೂಲಕ ಗುಟುಕು ಗುಟುಕಾಗಿ ಉಪ್ಪು ಸಕ್ಕರೆಯ ನೀರನ್ನು ಕೊಡಬಹುದು. ೧೯೭೧ರಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ವಾಂತಿಭೇದಿಯು ಹಬ್ಬಿ, ನಾಳದ ದ್ರವವು ಮುಗಿಯುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲನಬೀಸರು ಇಂತಹ ನೀರನ್ನು ಕುಡಿಸಿಯೇ ಅಸಂಖ್ಯ ಜನರನ್ನು ಉಳಿಸಿದರು. ಸುಟ್ಟವರಿಗೂ ಸಾಮಗ್ರಿ ಇಲ್ಲದೆಡೆಯಲ್ಲಿ ಇದೇ ಮಾರ್ಗವು ಆಧಾರವಾಗುವುದು. ಔಷಧದಂಗಡಿಯ ಓಆರ್‌ಎಸ್ ಪುಡಿ ದೊರೆತರೆ ಉತ್ತಮ; ಇಲ್ಲದಿದ್ದರೆ ಒಂದು ಲೀಟರು ಶುದ್ಧವಾದ ನೀರಿಗೆ ಸಮಮಟ್ಟದ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಉಪ್ಪಿಲ್ಲದ ಬರಿಯ ನೀರನ್ನೇ ಬಹಳವಾಗಿ ಕುಡಿಸುವುದು ಕೇಡು. ಮಂಪರಿನಲ್ಲಿರುವವನ ಬಾಯಿಗೆ ತೀರ್ಥವನ್ನು ಕೂಡ ಬಿಡಕೂಡದು. ಅದು ಶ್ವಾಸನಾಳಕ್ಕೆ ಇಳಿದೀತು.

ಮುಖ ಸುಟ್ಟವರು, ಮೂಗಿನ ಕೂದಲು ಕರಕಾದವರು, ದನಿ ಗೊಗ್ಗರಾದವರು, ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದವರು, ಗರ್ಭಿಣಿಯರು, ಮಕ್ಕಳು, ಮುದುಕರು, ವಿದ್ಯುತ್ತಿನಿಂದ ಸುಟ್ಟವರು. ಇವರನ್ನು ಗಾಯ ಚಿಕ್ಕದೆಂದು ಮನೆಯಲ್ಲಿ ಇಟ್ಟುಕೊಳ್ಳದೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಹೊಗೆ ಕುಡಿದವನ ಗಂಟಲು ಕೆಲವು ಗಂಟೆಗಳಲ್ಲಿ ಬಾತು ಉಸಿರು ಕಟ್ಟಬಹುದು.

ಬೆಂಕಿಯು ಉರಿಯುವುದು ಕ್ಷಣಕಾಲ. ಅದರ ಫಲವನ್ನು ಉಣ್ಣುವುದು ಬಹುಕಾಲ. ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕಿಂತ ಹೆಚ್ಚು ಜನರು ತೀರಿಕೊಂಡರು. ಅವರಲ್ಲಿ ಬಹುಮಂದಿ ಮಕ್ಕಳು. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯ ಚಿತ್ರೀಕರಣ ನಡೆಯುತ್ತಿರುವಾಗ ಬೆಂಕಿಯೆದ್ದು ೬೨ ಜನರು ಮಡಿದರು. ಆ ಕಥೆಯ ನಾಯಕನಟನಾದ ಸಂಜಯ್ ಖಾನರು ಬದುಕಿ ಉಳಿದರಾದರೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು, ಹತ್ತಾರು ಶಸ್ತ್ರಚಿಕಿತ್ಸೆಗಳನ್ನು ಸಹಿಸಬೇಕಾಯಿತು. ಪ್ರಸಿದ್ಧರಾದವರಿಗೇ ಇಷ್ಟು ಕಾಲ ಬೇಕಾದರೆ, ಸಿರುಗುಪ್ಪದ ಗದ್ದೆಯಲ್ಲಿ ದಿನಗೂಲಿ ಮಾಡುವವಳ ಗತಿಯೇನು? ಇಪ್ಪತ್ತು ದಿನಗಳಾದ ಮೇಲೆ ಹಣ ತೀರಿ ಮನೆಗೆ ಮರಳಿದವಳನ್ನು ಯಾರು ನೋಡಿಕೊಳ್ಳುವರು?

ಈ ಎರಡನೆಯ ಶುಶ್ರೂಷೆಗೇ ಮಠದ ನೆರವು ಹೆಚ್ಚು ಬೇಕಾಗಿದೆ. ರೋಗಿಗೆ ಸುಖವಾಗಿ ತೋರುವ ಭಂಗಿಯಲ್ಲಿಯೇ ಅಂಗವು ಅಂಟಿಕೊಳ್ಳುವುದು. ಕುತ್ತಿಗೆ ಸುಟ್ಟವಳು ದಿಂಬಿನ ಮೇಲೆ ತಲೆಯಿಟ್ಟರೆ ಗದ್ದವು ಎದೆಗೆ ಅಂಟೀತು. ಮೊಣಕೈಯನ್ನು ಮಡಿಸಿಟ್ಟವನ ತೋಳು ಮತ್ತೆ ನೀಳವಾಗದು. ಆದಕಾರಣ ನೋವಾದರೂ ಅಂಗಗಳನ್ನು ನೀಡಿರಿಸಿ, ವೈದ್ಯರು ತೋರಿಸಿದ ವ್ಯಾಯಾಮವನ್ನು ದಿನದಿನವೂ ಮಾಡಿಸಬೇಕು. ಬೆಂದ ದೇಹಕ್ಕೆ ಆಹಾರ ಹೆಚ್ಚಾಗಿ ಬೇಕು. ಪಥ್ಯವೆಂದು ಗಂಜಿಯಲ್ಲಿಯೇ ಇಡದೆ ಹಾಲು, ಮೊಸರು, ಬೇಳೆ, ಶೇಂಗಾಗಳನ್ನು ಯಥೇಷ್ಟವಾಗಿ ಕೊಡಬೇಕು.

ಇನ್ನೊಂದು ಮಾತನ್ನು ನುಡಿಯದೆ ಬಿಡುವಂತಿಲ್ಲ. ಒಲೆ ಸಿಡಿಯಿತೆಂದು ಹೇಳಲ್ಪಡುವ ಎಲ್ಲ ಗಾಯಗಳೂ ಒಲೆಯಿಂದ ಆದುವಲ್ಲ. ಕೆಲವು ಮನೆಗಳಲ್ಲಿ ಸೊಸೆಯ ಸೆರಗಿಗೆ ಹತ್ತಿದ ಬೆಂಕಿಯ ಹಿಂದೆ ಮಾತಿನ ಬೆಂಕಿಯೂ, ವರದಕ್ಷಿಣೆಯ ದುರಾಶೆಯೂ ಇರುತ್ತವೆ. ಅಂತಹವಳು ಬಾಯಿಬಿಟ್ಟು ಹೇಳಿದ ಸತ್ಯವನ್ನು ಮನೆತನದ ಮರ್ಯಾದೆಯ ಹೆಸರಿನಲ್ಲಿ ಅಡಗಿಸುವುದು ಶರಣಧರ್ಮಕ್ಕೆ ಸಲ್ಲದು. ಸುಟ್ಟ ಮುಖವನ್ನು ನೋಡಲಾರದೆ ಹೆಂಗಸನ್ನು ಒಳಕೋಣೆಯಲ್ಲಿ ಕೂಡಿಡುವುದೂ ಸಲ್ಲದು. ಜಾತಿಯನ್ನು ನೋಡದೆ, ಕುಲವನ್ನು ಕೇಳದೆ ಪಂಕ್ತಿಯಲ್ಲಿ ಕುಳ್ಳಿರಿಸಿದ ಪರಂಪರೆಯು ಮುಖದ ಕಲೆಯನ್ನು ನೋಡಿ ಹಿಂಜರಿಯುವುದುಂಟೆ?

ಸದ್ಭಕ್ತರೇ, ಮಹೋತ್ಸವದ ಸ್ಮರಣೆಗಾಗಿ ಮಂಟಪಗಳೂ ಮಹಾದ್ವಾರಗಳೂ ಆಗುವುವು, ಆಗಲಿ. ಅವುಗಳ ಜೊತೆಗೆ ಇಷ್ಟು ನಡೆದರೆ ಸಾಕು. ಪಾಕಶಾಲೆಯ ಬಾಗಿಲಲ್ಲಿ ಸದಾ ತುಂಬಿದ ತಣ್ಣೀರಿನ ಹರವಿಗಳಿರಲಿ. ಒಂದು ಪೆಟ್ಟಿಗೆಯಲ್ಲಿ ಒಗೆದ ಬಟ್ಟೆ, ಓಆರ್‌ಎಸ್ ಪುಡಿ, ಒಂದು ಕಂಬಳಿ, ಗೋಡೆಯ ಮೇಲೆ ೧೦೮ ಎಂಬ ಅಂಕೆ ಇರಲಿ. ಜಾತ್ರೆಯ ಚಪ್ಪರಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿರಲಿ. ಮಕ್ಕಳು ಕೊಪ್ಪರಿಗೆಯ ಬಳಿ ಸುಳಿಯದಂತೆ ಕಟ್ಟೆಯಿರಲಿ. ಅಗ್ನಿಕುಂಡದ ಬಳಿ ನೀರು ಹಿಡಿದು ನಿಲ್ಲುವವರಿರಲಿ. ಓಣಿಗೆ ಇಬ್ಬರಂತೆ, ಒಬ್ಬ ಗಂಡಸೂ ಒಬ್ಬ ಹೆಂಗಸೂ, ಈ ಶುಶ್ರೂಷೆಯನ್ನು ಕಲಿತಿರಲಿ. ಬಳ್ಳಾರಿಯ ಆಸ್ಪತ್ರೆಯಿಂದ ಮರಳಿದವರ ಮನೆಗೆ ವಾರಕ್ಕೊಮ್ಮೆ ಮಠದ ಪರವಾಗಿ ಒಬ್ಬರು ಹೋಗಿ, ಕೈ ನೀಳವಾಗಿದೆಯೇ, ಊಟ ನಡೆಯುತ್ತಿದೆಯೇ ಎಂದು ವಿಚಾರಿಸಲಿ.

ಹಸಿದವನಿಗೆ ಅನ್ನವನ್ನಿಕ್ಕುವುದು ದಾಸೋಹವಾದರೆ, ಬೆಂದವನಿಗೆ ನೀರೆರೆಯುವುದೂ ದಾಸೋಹವೇ. ಅನ್ನವು ಒಂದು ಗಳಿಗೆ ತಡವಾದರೂ ನಡೆದೀತು. ಈ ನೀರು ಮಾತ್ರ ತಡವಾಗಕೂಡದು.